ಏಸಪ್ಪನ ಬಾಗಿಲು

ಆ ಬಾಗಿಲಿನ ಅಗುಳಿ ತೆಗೆದವಳು ನಾನು — ಏಸಪ್ಪ ಅಲ್ಲ.

ಮೊಮ್ಮಕ್ಕಳೇ, ನಮ್ಮೂರ ಚರ್ಚಿನ ಉತ್ತರ ಗೋಡೆಯಲ್ಲಿ ಇಟ್ಟಿಗೆ ತುಂಬಿ ಮುಚ್ಚಿದ ಕಮಾನನ್ನು ನೋಡಿದ್ದೀರಿ. ಊರವರು ಅದನ್ನು ಏಸಪ್ಪನ ಬಾಗಿಲು ಎನ್ನುತ್ತಾರೆ. ಮೊದಲು ಅದು ಹೆಣ್ಣುಮಕ್ಕಳ ಬಾಗಿಲು. ಜರ್ಮನಿಯ ಪಾದ್ರಿಗಳು ಕಟ್ಟಿಸಿದ ಚರ್ಚು ಅದು. ಎರಡು ಮೊಳ ದಪ್ಪದ ಕಲ್ಲುಗೋಡೆ, ಸುಣ್ಣದ ಗಚ್ಚು, ಮೇಲೆ ಮಂಗಳೂರು ಹಂಚು. ಎರೆಮಣ್ಣು ಭಾರ ತಾಳದೆಂದು ಗೋಪುರ ಕಟ್ಟಲಿಲ್ಲ, ಗಂಟೆಯನ್ನು ಅಂಗಳದ ಕಂಬಕ್ಕೆ ತೂಗುಹಾಕಿದರು. ಆದರೂ ಬೇಸಿಗೆಯಲ್ಲಿ ನೆಲ ಬಿರಿದಾಗೆಲ್ಲ ಗೋಡೆಯೂ ಬಿರಿಯುತ್ತಿತ್ತು.

ತುರ್ತು ಪರಿಸ್ಥಿತಿಯ ಕಾಲದ ಒಂದು ಬೇಸಿಗೆ. ಹಳೆಯದನ್ನು ಕೆಡವಿ ಗೋಪುರದ ಚರ್ಚು ಕಟ್ಟಬೇಕೆಂದು ನಿಮ್ಮ ಅಜ್ಜನ ಗುಂಪು. ಒಂದು ಕಲ್ಲೂ ಅಲುಗಬಾರದೆಂದು ಸಭೆಯ ಹಿರಿಯರಾದ ಆನಂದಕಾಕಾ — ನನ್ನ ಅಪ್ಪನ ತಮ್ಮ. ಕೆಡವಲು ಬಿಡದಂತೆ ಭಾನುವಾರ ಆರಾಧನೆ ಮುಗಿದ ಮೇಲೆ ತನ್ನ ಕಡೆಯವರೊಂದಿಗೆ ಬಾಗಿಲು ಹಾಕಿಸಿ ಒಳಗೇ ಕೂಡುತ್ತೇನೆಂದು ಕಾಕಾ ಮೊದಲೇ ಸಾರಿದ್ದರು.

ಅಂದು ಮುಂಜಾನೆ ನಿಮ್ಮ ಅಜ್ಜ ಹೇಳಿದರು: "ನೀನೂ ಕಾಕಾನ ಬಾಜು ಕೂಡು. ಹೆಣ್ಮಕ್ಕಳ ಬಾಗಲದ ಅಗಳಿ ಅಷ್ಟ ತಗದಿಡು. ಮಾತಾಡ್ತೇವಿ, ಮತ್ತೇನಿಲ್ಲ."

ಮಾತಾಡಲು ಬರುವವರು ಗುದ್ದಲಿಗಳ ಮರದ ಕಾವು ಬಿಚ್ಚಿ, ದೊಣ್ಣೆಗಳಂತೆ ಹಿತ್ತಲಲ್ಲಿ ಸಾಲಾಗಿ ಇಡುವುದಿಲ್ಲ. ನಾನು ನೋಡಿದ್ದೆ. ನೋಡಿಯೂ —

ಆರಾಧನೆ ಮುಗಿದ ಮೇಲೆ ನಾನು ಅಗುಳಿ ಸರಿಸುವಾಗ, ಗಂಟೆ ಹೊಡೆದು ಬಾಗಿಲು ಹಾಕುವ ಕೆಲಸದ ಏಸಪ್ಪ ನಕ್ಕ. "ಯಾಕವ್ವಾ, ಒಲಿ ಮ್ಯಾಲೆ ಹಾಲಿಟ್ಟು ಬಂದೀಯೇನು?"

"ಸೆಕಿ ಆಗೇತಿ, ಸ್ವಲ್ಪ ಗಾಳಿ ಬರ್ಲಿ," ಎಂದೆ. ನನ್ನ ಮಾತು ನಂಬಿ ಅವನು ಹಾಗೆಯೇ ಬಿಟ್ಟ.

ಅವರು ನುಗ್ಗಿದರು. ಮೊದಲ ಪೆಟ್ಟು ಕಾಕಾನ ತಲೆಗೆ. ಎರಡನೆಯದು ಅಡ್ಡ ಹಿಡಿದ ಬಲಗೈಗೆ. ಎಲುಬು ಮುರಿದು ತೊಗಲು ಹರಿದು ಹೊರಗೆ ಬಂತು. ಹೊಡೆದವರು ನಿಮ್ಮ ಅಜ್ಜ. ಬೆಂಚುಗಳು ಉರುಳಿದವು. ಓಡಿದವರು ರಕ್ತದಲ್ಲಿ ಜಾರಿ ಬಿದ್ದರು.

ಹೊಡೆದವರು ಹೋದ ಮೇಲೆ ಕಾಕಾನ ಮಕ್ಕಳು ಏಸಪ್ಪನ ಕುತ್ತಿಗೆ ಹಿಡಿದರು. "ಅಗಳಿ ಯಾರ್ ತಗದಾರ, ಹೇಳಲೇ."

ಅವನು ನನ್ನ ಕಡೆ ನೋಡಿದ. ಹೆಸರು ಹೇಳಲಿಲ್ಲ — ನಾನೇ ಹೇಳುತ್ತೇನೆಂದು ಕಾದ. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಅವನನ್ನು ಗಂಟೆಯ ಕಂಬಕ್ಕೆ ಕಟ್ಟಿ, ಗಂಟೆಯ ಹಗ್ಗದಿಂದಲೇ ಬೆನ್ನು ಸುಲಿಯುವಂತೆ ಹೊಡೆದರು. ಒಂದು ಏಟು ಕಿವಿಗೆ ಬಿತ್ತು. ಆ ಕಿವಿ ಮತ್ತೆ ಕೇಳಲಿಲ್ಲ. ಒಂದೊಂದು ಏಟಿನ ನಡುವೆಯೂ ನನಗೆ ಬಾಯಿ ಬಿಡಲು ಹೊತ್ತಿತ್ತು.

ಚರ್ಚನ್ನು ಯಾರೂ ಕೆಡವಲಿಲ್ಲ. ಎರಡೂ ಗುಂಪಿನವರು ಸೇರಿ ಆ ಬಾಗಿಲನ್ನಷ್ಟೇ ಮುಚ್ಚಿದರು. ಏಸಪ್ಪ ಹೆಂಡತಿ, ಮಗಳನ್ನು ಕರೆದುಕೊಂಡು ಅಳ್ನಾವರಕ್ಕೆ ಹೋದ, ಅಲ್ಲೇ ತೀರಿಕೊಂಡ. ಕಾಕಾ ಸಾಯುವ ತನಕ ಎಡಗೈಯಲ್ಲಿ ಉಣ್ಣುತ್ತ ಏಸಪ್ಪನನ್ನು ಶಪಿಸಿದರು, ನಾನು ಬಡಿಸುತ್ತಿದ್ದೆ.

ಗಂಡನಿಗೆ ಹೆದರಿ ಸುಮ್ಮನಿದ್ದೆ ಎಂದು ಇಲ್ಲಿ ಬರೆದಿದ್ದೆ. ಆ ಸಾಲನ್ನು ಹೊಡೆದುಹಾಕಿದ್ದೇನೆ. ನಿಮ್ಮ ಅಜ್ಜ ತೀರಿ ಹನ್ನೊಂದು ವರ್ಷವಾಯಿತು.

ಏಸಪ್ಪನ ಮಗಳು ಅಳ್ನಾವರದಲ್ಲೇ ಇದ್ದಾಳೆ. ನಾಳೆ ಈ ಹಾಳೆ ಹಿಡಿದು ಹೋಗುತ್ತೇನೆ. ಜನರೆದುರು ಗಟ್ಟಿಯಾಗಿ ಓದಿ ನನಗೆ ರೂಢಿಯಿಲ್ಲ. ಅವಳು ಬಾಗಿಲು ತೆಗೆಯದಿದ್ದರೆ, ಓಣಿಯಲ್ಲಿ ನಿಂತೇ ಓದುತ್ತೇನೆ.