ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿದ ಬೀರಕ್ಕ

ಹಿಂದೂಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಗೆ ಹಾಲಿನವನ ಸೈಕಲ್ ಬರುವ ಮುಂಚೆಯೇ ಜಯಣ್ಣನವರ ನೆಟ್ ಸೆಂಟರಿನ ಶಟರ್ ಮೇಲೇಳುತ್ತದೆ. ಎತ್ತುವವರು ಬೀರಕ್ಕ. ಕಂಬದೂರಿನ ಕುರಿ ಕಾಯುವವರ ಮಗಳು. ಕಲ್ಯಾಣದುರ್ಗದಲ್ಲಿ ಟೈಪಿಂಗ್ ಕಲಿತು, ಇಲ್ಲಿ ಕಂಪ್ಯೂಟರಿಗೆ ಕೈ ಹಚ್ಚಿದವರು. ಹುಡುಗರ ದಂಡು ಬರುವ ಮುಂಚಿನ ಈ ಒಂದು ಗಂಟೆ ಹೆಣ್ಣುಮಕ್ಕಳದು. ಹೊಲಿಗೆಯವರು, ರೇಷ್ಮೆ ನೂಲು ತೆಗೆಯುವವರು, ಕಾಲೇಜಿನವರು ಕಲಿಯಲು ಬರುತ್ತಾರೆ. ಆ ಗಂಟೆಯನ್ನು ಜಯಣ್ಣನವರಿಂದ ಕಾಡಿ ಬೇಡಿ ಪಡೆದದ್ದು ಬೀರಕ್ಕನೇ.

ಈ ವರ್ಷ, ತೊಂಬತ್ತೊಂಬತ್ತರ ಬೇಸಿಗೆಯಲ್ಲಿ, ಅದಕ್ಕೇ ಸಂಚಕಾರ ಬಂದಿತ್ತು. ಮೌಸ್ ಬಾಣ ತನ್ನಷ್ಟಕ್ಕೆ ತಾನೇ ಓಡತೊಡಗಿತು. ಸಿ.ಡಿ. ತಟ್ಟೆ ನಾಲಿಗೆ ಚಾಚಿದಂತೆ ಹೊರಬಂತು. ಒಂದು ಬೆಳಗ್ಗೆ ವರಲಕ್ಷ್ಮಿ ಎಂಬ ಹುಡುಗಿಯ ಕಣ್ಣೆದುರೇ ತೆರೆಯ ಮೇಲೆ ಹೊಲಸು ಮಾತು ಮೂಡಿತು. ಜಯಣ್ಣನವರು ಗಾಳಿ ಸೋಕಿದೆಯೆಂದು ಮಾನಿಟರಿಗೆ ನಿಂಬೆಹಣ್ಣು ಕಟ್ಟಿದರು. ವರಲಕ್ಷ್ಮಿಯ ಅಪ್ಪ ಮುತ್ಯಾಲಪ್ಪ ಮಗಳನ್ನು ಬಿಡಿಸಿದರು. ಉಳಿದ ಮನೆಯವರೂ ಅದೇ ದಾರಿ ಹಿಡಿದಾಗ ಜಯಣ್ಣನವರು ಕೈಚೆಲ್ಲಿದರು: "ಈ ಹೆಣ್ಮಕ್ಕಳ ಬ್ಯಾಚು ವದ್ದಮ್ಮಾ, ಬ್ಯಾಡ, ನಿಲ್ಸಿಬುಡು."

ಬೀರಕ್ಕ ನಿಂಬೆಹಣ್ಣನ್ನು ಕಿತ್ತು ಪಾನಕಕ್ಕೆ ಹಿಂಡಿಕೊಂಡರು. "ಕಳ್ಳ ನುಗ್ಗಿದ್ರೆ ಕಳ್ಳನ್ನ ಓಡಿಸ್ಬೇಕು ಕಣಣ್ಣ. ಮನೆಯೋರ್ನ ಬೀದಿಗಾಕ್ತಾರಾ?"

ಫೋನಿನ ತಂತಿ ಕಿತ್ತರೆ ಕಾಟ ನಿಲ್ಲುವುದನ್ನು ಅವರು ಗಮನಿಸಿದ್ದರು. "ಫೋನಿದ್ರೇನೇ ಮೈಮೇಲೆ ಬರೋ ದೆವ್ವ ಎಲ್ಲೈತೆ ಹೇಳಿ?" ಎಂದು ಈಗ ನಗುತ್ತಾರೆ. ಆಗ ನಗು ಬಂದಿರಲಿಲ್ಲ, ಮೈಯೆಲ್ಲ ಉರಿದಿತ್ತು. ಕಾಟ ಶುರುವಾಗುವ ಮುಂಚೆ ಗಿರಾಕಿಯೊಬ್ಬ ಫ್ಲಾಪಿಯಲ್ಲಿ ಕೋಳಿ ಹಿಡಿಯುವ ಆಟ ಕೊಟ್ಟಿದ್ದ. ಮೌಸಿಗೆ ಕೈ ಪಳಗಲೆಂದು ಹುಡುಗಿಯರಿಗೆ ಆಡಿಸಿದವರು ಬೀರಕ್ಕನೇ. ಆಟದ ಹೊಟ್ಟೆಯಲ್ಲಿ ಟ್ರೋಜನ್ ಎಂಬ ಕಳ್ಳ ಪ್ರೋಗ್ರಾಂ ಇತ್ತು. ಇಂಟರ್ನೆಟ್ ಹಚ್ಚಿದಾಗಲೆಲ್ಲ ಅದು ಗುಟ್ಟಾಗಿ ಹಿತ್ತಿಲ ಬಾಗಿಲು ತೆಗೆಯುತ್ತಿತ್ತು, ಕೊಟ್ಟ ಪುಣ್ಯಾತ್ಮ ಬೇರೆಲ್ಲೋ ಕೂತು ಒಳಗೆ ಕೈಯಾಡಿಸುತ್ತಿದ್ದ.

ಆ ಕಳ್ಳನನ್ನು ಓಡಿಸುವ ಕೆಲಸವನ್ನು ಬೀರಕ್ಕ ಹಟಹಿಡಿದು ಮುತ್ಯಾಲಪ್ಪನವರನ್ನು ಕರೆಸಿ, ಅವರೆದುರು ವರಲಕ್ಷ್ಮಿಯ ಕೈಯಲ್ಲೇ ಮಾಡಿಸಿದರು. ಮೊದಲು ಫೋನಿನ ತಂತಿ ಕಿತ್ತದ್ದಾಯಿತು. ಕಂಪ್ಯೂಟರ್ ಏಳುವಾಗ ಜೊತೆಗೇ ಏಳುವ ಪ್ರೋಗ್ರಾಂಗಳನ್ನು ಒಂದೊಂದಾಗಿ ನೋಡಿದಾಗ, ಯಾರೂ ಹಾಕದ ಹೆಸರೊಂದು ಸಿಕ್ಕಿತು. ಅಳಿಸಹೋದರೆ ಜಗ್ಗಲಿಲ್ಲ. "ಓಡ್ತಿರೋದು ಅಳಿಸಕ್ಕಾಗಲ್ಲ ಕಣಮ್ಮ. ಮೊದ್ಲು ಅದು ಏಳ್ದಂಗೆ ಮಾಡು," ಎಂದರು ಬೀರಕ್ಕ. ಹಾಗೆ ಮಾಡಿ, ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದ ಮೇಲೆ ಹುಡುಗಿ ಅದನ್ನು ಅಳಿಸಿದಳು, ಕೋಳಿ ಆಟವನ್ನೂ ಅಳಿಸಿದಳು. ವೈರಸ್ ಹುಡುಕುವ ಫ್ಲಾಪಿ ಹಾಕಿ ಸೋಸಿ, ಪಾಸ್‌ವರ್ಡುಗಳನ್ನೆಲ್ಲ ಬದಲಿಸಿದರು. ತಂತಿ ಸಿಕ್ಕಿಸಿ ಕಾದರು. ಬಾಣ ಮಿಸುಕಲಿಲ್ಲ.

ಮುತ್ಯಾಲಪ್ಪ ಅಷ್ಟಕ್ಕೇ ಒಪ್ಪುವ ಆಸಾಮಿಯಲ್ಲ. "ನಾಳೆ ಇನ್ನೊಬ್ಬ ಕಳ್ಳ ಬರಲ್ಲ ಅನ್ನಕ್ಕೆ ಏನಮ್ಮ ಗ್ಯಾರಂಟಿ?" ಎಂದು ಕೇಳಿದರಂತೆ.

"ಬತ್ತಾನೆ ಕಣಣ್ಣ, ಬರ್ಲಿ," ಎಂದರಂತೆ ಬೀರಕ್ಕ. "ಓಡ್ಸೋದು ಈಗ ನಿಮ್ಮ ಮಗಳಿಗೇ ಬತ್ತೈತೆ."