ಫೆಬ್ರವರಿಯ ಅಪ್ಪ

ತಂಗಿ ತೀರಿಕೊಂಡಾಗ ಅವಳ ಮಗಳು ಇನ್ನೂ ತೊದಲು ಮಾತಾಡುತ್ತಿದ್ದಳು. ತಂಗಿಯ ಗಂಡ ವರ್ಷ ತುಂಬುವುದರೊಳಗೆ ಇನ್ನೊಂದು ಮದುವೆಯಾಗಿ ಬೇಲೂರಿನಲ್ಲಿ ಸಂಸಾರ ಹೂಡಿದ. ಮಗು ಅರಸೀಕೆರೆಗೆ, ನನ್ನ ಬಾಡಿಗೆ ಮನೆಗೆ ಬಂತು. ನಾನು ಹೈಸ್ಕೂಲು ಟೀಚರು. ಮದುವೆಯಾಗಿರಲಿಲ್ಲ, ಆಗುವ ಆಸೆಯೂ ಉಳಿದಿರಲಿಲ್ಲ. ಅವಳ ತಲೆಯ ಹೇನು ಹೆಕ್ಕಿದ್ದು, ಜ್ವರ ಬಂದಾಗ ಗಂಜಿ ಕುಡಿಸಿದ್ದು, ಶಾಲೆಗೆ ಫೀಸು ಕಟ್ಟಿದ್ದು ಎಲ್ಲ ನಾನೇ. ಅಪ್ಪನೆಂಬ ಪ್ರಾಣಿ ಹಬ್ಬಕ್ಕೂ ಇತ್ತ ತಲೆ ಹಾಕುತ್ತಿರಲಿಲ್ಲ.

ಆಮೇಲೆ ಮಕ್ಕಳ ಶಾಲಾ ಫೀಸಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಬಂತು. ಸ್ಟಾಫ್ ರೂಮಿನಲ್ಲಿ ಸಂಭ್ರಮವೋ ಸಂಭ್ರಮ. "ಸಂಸಾರಸ್ಥರಿಗೆ ಸರ್ಕಾರ ಕೊಡಬೇಕಾದ್ದೇ ಕಣ್ರೀ, ನಾಳೆಯ ಪ್ರಜೆಗಳನ್ನ ಸಾಕ್ತಿರೋರು ನಾವು ತಾನೇ?" ಎಂದರು ಗಣಿತದ ಮೇಷ್ಟ್ರು. ಫೆಬ್ರವರಿಯಲ್ಲಿ ತೆರಿಗೆ ಲೆಕ್ಕ ಕೊಡುವಾಗ ನಾನೂ ಫೀಸಿನ ರಸೀದಿ ಹಿಡಿದು ಗುಮಾಸ್ತರ ಮುಂದೆ ನಿಂತೆ.

"ಹೆತ್ತ ಮಕ್ಕಳಿಗೆ ಮಾತ್ರ, ಮಿಸ್. ನೀವು ಒಂಟಿ ಜೀವ, ನಿಮಗ್ಯಾಕೆ ಇದೆಲ್ಲ?" ಎಂದು ಅವರು ಹಲ್ಲು ಕಿರಿದರು.

ಮಕ್ಕಳನ್ನು ಸಾಕುವವರಿಗೆ ತೆರಿಗೆ ಇಳಿಸಲಿ, ನನ್ನ ತಕರಾರಿಲ್ಲ. ಆದರೆ ಸಾಕುತ್ತಿರುವವರು ಯಾರೆಂದು ಒಂದು ಮಾತು ಕೇಳಬೇಡವೇ?

ಆ ಫೆಬ್ರವರಿಯ ಒಂದು ಭಾನುವಾರ ತಂಗಿಯ ಗಂಡ ಬಂದ. ಹುಡುಗಿ ಓಡಿಹೋಗಿ ಹೊಸ ಲಂಗ ಹಾಕಿಕೊಂಡು, ಎರಡು ಜಡೆಗೂ ಟೇಪು ಕಟ್ಟಿಸಿಕೊಂಡು ಅವನೆದುರು ನಿಂತಳು. ಅವನು ಕಾಫಿ ಹೀರುತ್ತ ನನ್ನ ಕಡೆ ತಿರುಗಿ, "ಅಕ್ಕಾ, ಇವಳ ಫೀಸಿನ ರಸೀದಿ ಕೊಡಿ. ಹೆಂಗೂ ಅದ್ರಲ್ಲಿ ತಂದೆ ಅಂತ ನನ್ನ ಹೆಸರೇ ಇರುತ್ತಲ್ಲ, ಆಫೀಸಿಗೆ ಕೊಡಬೇಕು" ಎಂದ.

ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ! ಕೊಡುವುದಿಲ್ಲ ಎಂದೆ.

"ಬೇಡ ಬಿಡಿ. ಇವಳನ್ನೇ ಕರ್ಕೊಂಡೋಗಿ ಬೇಲೂರಲ್ಲೇ ಸೇರಿಸ್ತೀನಿ. ನನ್ನ ಮಗಳು ತಾನೇ?" ಎಂದ, ಲೋಟ ಕೆಳಗಿಡದೆ.

ಕೋರ್ಟು ಕಚೇರಿ ಹತ್ತಿದರೂ ಅಪ್ಪ ಅವನೇ. ರಸೀದಿ ತಂದುಕೊಟ್ಟೆ. ಅದನ್ನು ಜೇಬಿಗಿಳಿಸಿ, ಹಳೇಬೀಡಿನ ಮೇಲೆ ಹೋಗುವ ಬಸ್ಸಿಗೆ ಹೊತ್ತಾಯಿತೆಂದು ಹೊರಟೇಬಿಟ್ಟ. ಹೊಸ ಲಂಗದತ್ತ ತಿರುಗಿಯೂ ನೋಡಲಿಲ್ಲ.

ಮರುವರ್ಷದ ಫೆಬ್ರವರಿಯಲ್ಲಿ ಅವನು ಗೇಟು ತೆಗೆದಾಗ ಹುಡುಗಿ ಬಟ್ಟೆ ಬದಲಿಸಲು ಓಡಲಿಲ್ಲ. ಬೀರುವಿನಿಂದ ರಸೀದಿ ತಂದು, ಅವನು ಚಪ್ಪಲಿ ಬಿಡುವ ಮೊದಲೇ ಕೈಗಿಟ್ಟು, ನನ್ನ ಸೆರಗನ್ನು ಬಿಗಿಯಾಗಿ ಹಿಡಿದು ನಿಂತಳು.

"ತಗೊಳ್ಳಿ. ನಾನು ಇಲ್ಲೇ ಇರ್ತೀನಿ" ಎಂದಳು.

ಅವನು ಮುಖವರಳಿಸಿ, "ಎಷ್ಟು ಜಾಣೆ ನೋಡಿ ಅಕ್ಕಾ, ನನ್ನ ಮಗಳು!" ಎಂದ.