ಹನಿ ಸಮನಾಗಿ ಆರಿದ ದಿನ

ಮೊನ್ನೆ ಜಮಖಂಡಿ–ತೇರದಾಳ ಬಸ್ಸಿನಲ್ಲಿ, ಹೆಸರೂ ಗೊತ್ತಿಲ್ಲದ ಹೆಂಗಸೊಬ್ಬರಿಗೆ ನನ್ನ ಬದುಕಿನ ದೊಡ್ಡ ಸುದ್ದಿ ಹೇಳಿಬಿಟ್ಟೆ.

ಏನಂತೀರಾ? ನಾನು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳುವವಳು. ಪಾಠ ಮುಗಿದ ಮೇಲೆ ಲ್ಯಾಬಿನಲ್ಲಿ ಇಂಕ್‌ಜೆಟ್ ಪ್ರಿಂಟರಿನಿಂದ ಗಾಜಿನ ಮೇಲೆ, ದ್ರಾವಕದಲ್ಲಿ ಕರಗಿಸಿದ ಪಾಲಿಮರಿನ ಹನಿ ಉದುರಿಸುತ್ತೇನೆ. ಹನಿ ಆರಿದರೆ ತೆಳ್ಳನೆಯ ಪೊರೆ. (ಬಗ್ಗುವ ಸ್ಕ್ರೀನಿಗೆ ಇಂಥದ್ದೇ ಬೇಕು, ಅದೂ ಎಲ್ಲ ಕಡೆ ಒಂದೇ ದಪ್ಪ.) ಆದರೆ ಹನಿ ನನ್ನ ಮಾತು ಕೇಳಬೇಕಲ್ಲ? ಅಂಚು ಬೇಗ ಆರುತ್ತದೆ, ಪಾಲಿಮರೆಲ್ಲ ಅಲ್ಲಿಗೇ ಹರಿಯುತ್ತದೆ. ಅಂಚು ದಪ್ಪ, ನಡು ತೆಳು. ಚೆಲ್ಲಿದ ಚಹಾ ಒಣಗಿ ಉಳಿಯುವ ಉಂಗುರದಂತೆ.

ವರ್ಷಗಟ್ಟಲೆ ಇದೇ ಗೋಳು. ಬಿಸಿ ಕಡಿಮೆ ಮಾಡಿದೆ. ಹನಿಗಳನ್ನು ಹತ್ತಿರ ತಂದೆ. ಜೊತೆಗೆ ಕೆಲಸ ಮಾಡುತ್ತಿದ್ದ ಸಹೋದ್ಯೋಗಿ ವರ್ಗವಾಗಿ ಹೋದರು. ಕೊನೆಗೆ, ನಿಧಾನವಾಗಿ ಆರುವ ಇನ್ನೊಂದು ದ್ರಾವಕ ಬೆರೆಸಿದೆ. ಅಂಚಿಗೆ ಓಡಿದ್ದು ನಡುವಿಗೆ ತಿರುಗಿ ಬಂತು. ಅಳೆದೆ. ಪೊರೆ ಸಪಾಟು!

ಜೋರಾಗಿ ಕೂಗಿದೆ. ಕೇಳಲು ಯಾರಿದ್ದರು? ಕಾಲೇಜಿಗೆ ರಜೆ.

ಸಹೋದ್ಯೋಗಿಗೆ ಫೋನ್ ಮಾಡಿದೆ. "ಮೀಟಿಂಗ್‌ನಾಗ ಅದೀನ್ರಿ, ಆಮ್ಯಾಲೆ ಮಾಡ್ತೀನಿ" ಅಂದರು. ಮಾಡಲಿಲ್ಲ. ಮುಧೋಳದ ಅಕ್ಕನಿಗೆ ಹೇಳಿದೆ. "ಹೌದಾ? ಛಲೋ ಆತ್ ತಗೋ. ಊಟಾ ಮಾಡೀಯೇನ್ಬೇ?" ಅಂದಳು. (ಅವಳ ತಪ್ಪೇನೂ ಇಲ್ಲ.) ಅವ್ವ ಇದ್ದಿದ್ದರೆ, ತಿಳಿಯದಿದ್ದರೂ ಪೂರ್ತಿ ಕೇಳುತ್ತಿದ್ದಳು.

ಸಂಜೆ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಕೇಳಿದರು: "ಯಾಕ್ರಿ ಅಕ್ಕಾರ, ಒಬ್ಬರ ನಗಾಕತ್ತೀರಿ?"

ಅಷ್ಟೇ ಸಾಕಾಯಿತು. ಹನಿ, ಅಂಚು, ದ್ರಾವಕ, ಎಲ್ಲ ಒದರಿದೆ. ಅವರು ಮೊಬೈಲ್ ನೋಡಲಿಲ್ಲ, ಆಕಳಿಸಲಿಲ್ಲ. ಕೊನೆಗೆ ಕೇಳಿದರು: "ಅಂದ್ರ, ಈಗ ಎಲ್ಲಾ ಕಡೆ ಒಂದ ಸಮ ಆತು ಅಂದಂಗಾತ್ರಿ?"

"ಹೂಂನ್ರಿ."

"ಬಾಯಿ ಸಿಹಿ ಮಾಡ್ಕೊಳ್ರಿ ಮತ್ತ!" ಚೀಲದಿಂದ ಬೆಲ್ಲ ಮುರಿದು ಕೈಗಿಟ್ಟರು. "ಮನ್ಯಾಗ ಎಲ್ಲಾರಿಗೂ ಭಾಳ ಖುಷಿ ಆಗಿರಬೇಕಲ್ರಿ?"

ತೇರದಾಳದ ನನ್ನ ಬಾಡಿಗೆ ಮನೆಯಲ್ಲಿ ಇರುವವಳು ನಾನೊಬ್ಬಳೇ. ಆದರೂ "ಹೂಂನ್ರಿ, ಭಾಳ" ಅಂದೆ.

ಬನಹಟ್ಟಿಯಲ್ಲಿ ಅವರು ಇಳಿದರು. ಕಿಟಕಿಯ ಬಳಿ ಬಂದು ಕೈ ಬೀಸಿದರು. ಹೆಸರು ಕೇಳಬೇಕೆಂದು ಎದ್ದೆ, ಬಸ್ಸು ಹೊರಟೇಬಿಟ್ಟಿತು. ಮತ್ತೆ ಕೂತು, ಅವರ ಜಾಗದಲ್ಲಿ ನನ್ನ ಚೀಲ ಇಟ್ಟುಕೊಂಡೆ.

ನೀವು ಹೇಳಿ, ನಿಮ್ಮ ಖುಷಿಯನ್ನು ಪೂರ್ತಿ ಕೇಳುವವರು ಎಷ್ಟು ಜನ ಇದ್ದಾರೆ?